ನಿಂತ ಮೇಲೆ

ಋತುಬಂಧ, ಋತುನಿವೃತ್ತಿ, ರಜೋನಿವೃತ್ತಿ. ಪತ್ರಿಕೆಗಳ ಆರೋಗ್ಯ ಪುಟದಲ್ಲಿ ಈ ಮೂರೂ ಪದಗಳನ್ನು ನೋಡುತ್ತೇನೆ. ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಬೀದಿಗೆ ನಾನು ಬಂದು ಇಪ್ಪತ್ತಾರು ವರ್ಷವಾಯಿತು, ಇವುಗಳಲ್ಲಿ ಒಂದನ್ನೂ ಇಲ್ಲಿಯ ಯಾವ ಹೆಂಗಸಿನ ಬಾಯಲ್ಲೂ ಕೇಳಿಲ್ಲ. ನಮ್ಮಲ್ಲಿ ನಡೆಯುವುದು ಒಂದೇ ಮಾತು, ‘ನಿಂತೈತಿ’. ಏನು ನಿಂತಿದೆ ಎಂದು ಹೇಳುವವರಿಲ್ಲ, ಕೇಳುವವರೂ ಇಲ್ಲ. ‘ನಿಂಗಿನ್ನೂ ಐತೇನೇ?’ ‘ಇಲ್ಲವ್ವ, ಹೋದ ದೀಪಾವಳಿಗೇ ನಿಂತೋತು.’ ತರಕಾರಿ ಗಾಡಿಯ ಪಕ್ಕದಲ್ಲಿ ಮೆಂತ್ಯದ ಕಟ್ಟು ಆರಿಸುವಷ್ಟರಲ್ಲಿ ಮಾತು ಮುಗಿದಿರುತ್ತದೆ.

ನನಗೆ ಆ ‘ನಿವೃತ್ತಿ’ ಎಂಬ ಪದದ ಮೇಲೆ ಸ್ವಲ್ಪ ಸಿಟ್ಟಿದೆ. ನಾನು ಬ್ಯಾಂಕಿನಲ್ಲಿ ಕೆಲಸ ಮಾಡುವವಳು. ನಿವೃತ್ತಿ ಅಂದರೆ ತಾರೀಕು ಮೊದಲೇ ಗೊತ್ತಿರುತ್ತದೆ, ಅವತ್ತು ಶಾಲು ಹೊದಿಸಿ ಹಣ್ಣಿನ ಬುಟ್ಟಿ ಕೊಡುತ್ತಾರೆ, ಮರುತಿಂಗಳಿಂದ ಪಿಂಚಣಿ. ಇದಕ್ಕೆ ಅಂಥದ್ದೇನೂ ಇಲ್ಲ. ಕೊನೆಯ ಮುಟ್ಟಾಗಿ ಹನ್ನೆರಡು ತಿಂಗಳು ಏನೂ ಕಾಣದಿದ್ದರೆ ಆಗ ವೈದ್ಯರು ‘ಓಹೋ, ಹೋದ ವರ್ಷ ಆಗಿದ್ದೇ ಕೊನೆಯದು’ ಅನ್ನುತ್ತಾರೆ. ಹಿಂತಿರುಗಿ ನೋಡಿದಾಗ ಮಾತ್ರ ಸಿಗುವ ತಾರೀಕು ಅದು. ನಮ್ಮ ದೇಶದಲ್ಲಿ ಅದು ಸರಾಸರಿ ನಲವತ್ತಾರು ನಲವತ್ತೇಳಕ್ಕೆ ಬರುತ್ತದೆ, ಪಾಶ್ಚಾತ್ಯ ದೇಶಗಳಲ್ಲಿ ಐವತ್ತೊಂದರ ಆಸುಪಾಸು. ಅದಕ್ಕೂ ಮೊದಲಿನ ನಾಲ್ಕೈದು ವರ್ಷದ ಏರುಪೇರಿಗೆ ನಮ್ಮ ಬೀದಿಯಲ್ಲಿ ಹೆಸರೇ ಇಲ್ಲ. ‘ಏನೋ ಮೈಯಾಗೆ ಸರಿ ಇಲ್ಲ’ ಅನ್ನುತ್ತೇವೆ, ಅಷ್ಟೇ.

ಅತ್ತೆಯವರನ್ನು ಒಮ್ಮೆ ಕೇಳಿದ್ದೆ, ನಿಮಗೆ ಯಾವಾಗ ನಿಂತಿದ್ದು ಅಂತ. ಮಾವನವರು ಹತ್ತಿ ಗಿರಣಿಯಲ್ಲಿದ್ದವರು. ಊರಿನ ಕಾಟನ್ ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ಅತ್ತೆ ಬೆರಳು ಮಡಿಸಿ ಲೆಕ್ಕ ಹಾಕಿ ಹೇಳಿದರು, ‘ಮಿಲ್ ನಿಂತ ವರ್ಷ ನೋಡು. ಅದೂ ನಿಂತ್ತು, ಇದೂ ನಿಂತ್ತು. ಅದರದ್ದೇ ದೊಡ್ಡ ಚಿಂತಿ ಆಗಿತ್ತು, ಇದನ್ಯಾರು ಲೆಕ್ಕಕ್ಕಿಟ್ಟಿದ್ರು?’ ಆ ವರ್ಷ ಅವರಿಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲವಂತೆ. ಎರಡು ಗಂಟೆಗೆ ಎದ್ದು ಸೀರೆಯ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಾ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದರಂತೆ. ಎದೆ ಡವಡವ, ಸುಮ್ಮಸುಮ್ಮನೆ ಅಳು. ಮನೆಯವರೆಲ್ಲ ಅದನ್ನು ಮಿಲ್ಲಿನ ಚಿಂತೆ ಅಂದುಕೊಂಡರು, ಅವರೂ ಹಾಗೇ ಅಂದುಕೊಂಡರು. ಅದರಲ್ಲಿ ಮಿಲ್ಲಿನ ಪಾಲೆಷ್ಟು, ಮೈಯೊಳಗಿನ ಹಾರ್ಮೋನಿನ ಪಾಲೆಷ್ಟು ಎಂದು ಈಗ ಯಾರು ಬೇರ್ಪಡಿಸಿಯಾರು?

ನಿಂತಿದ್ದರಿಂದ ಅವರಿಗಾದ ಒಂದೇ ಲಾಭ ಉಪ್ಪಿನಕಾಯಿ ಭರಣಿಯದ್ದು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ಶರಣರು ಉಳಿದ ಸೂತಕಗಳ ಜೊತೆ ಮುಟ್ಟಿನ ಸೂತಕವನ್ನೂ ತಳ್ಳಿಹಾಕಿ ಎಂಟು ನೂರು ವರ್ಷ ದಾಟಿತು. ಆ ಸುದ್ದಿ ಉಪ್ಪಿನಕಾಯಿ ಭರಣಿಗೆ ಮಾತ್ರ ಇನ್ನೂ ತಲುಪಿಲ್ಲ.

ಒಳಗೆ ನಡೆಯುವುದೇನು ಅಂತ ನನಗೆ ಅರ್ಥವಾಗಿದ್ದು ಬ್ಯಾಂಕಿನ ಲೆಕ್ಕದಲ್ಲೇ. ಹೆಣ್ಣುಮಗು ಹುಟ್ಟುವಾಗಲೇ ಅದರ ಎರಡು ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಗಳ ಠೇವಣಿ ಇರುತ್ತದೆ. ಆಮೇಲೆ ಜಮಾ ಮಾಡಲು ಅವಕಾಶವಿಲ್ಲ, ಬರೀ ಖರ್ಚು. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿದಿರುತ್ತದೆ. ತಿಂಗಳಿಗೊಂದರಂತೆ ಪಕ್ವವಾಗಿ ಹೊರಬೀಳುವುದು ಇಡೀ ಜೀವಮಾನದಲ್ಲಿ ನಾನೂರು ಚಿಲ್ಲರೆ, ಮಿಕ್ಕವೆಲ್ಲ ಸದ್ದಿಲ್ಲದೆ ಕರಗಿಹೋಗುತ್ತವೆ. ಸುಮಾರು ಒಂದು ಸಾವಿರಕ್ಕೆ ಇಳಿದಾಗ ಖಾತೆ ಮುಚ್ಚುತ್ತದೆ. ಮುಚ್ಚುವ ಮುನ್ನ ಮೆದುಳು ಸುಮ್ಮನಿರುವುದಿಲ್ಲ. ಎಫ್‌ಎಸ್‌ಎಚ್ ಎಂಬ ಹಾರ್ಮೋನನ್ನು ಹೆಚ್ಚು ಹೆಚ್ಚು ಸುರಿಸಿ ಅಂಡಾಶಯಕ್ಕೆ ನೋಟಿಸಿನ ಮೇಲೆ ನೋಟಿಸು ಕಳಿಸುತ್ತದೆ. ಅಂಡಾಶಯ ಒಂದು ತಿಂಗಳು ಉತ್ತರ ಕೊಡುತ್ತದೆ, ಎರಡು ತಿಂಗಳು ಕೊಡುವುದಿಲ್ಲ. ಆದ್ದರಿಂದ ಈಸ್ಟ್ರೋಜೆನ್ ಒಂದೇ ಸಮನೆ ಇಳಿಯುವುದಿಲ್ಲ, ಏರಿ ಇಳಿದು, ಇಳಿದು ಏರಿ, ಕೊನೆಗೊಮ್ಮೆ ಕೆಳಗೆ ನಿಲ್ಲುತ್ತದೆ. ಅಂಡ ಹೊರಬೀಳದ ತಿಂಗಳುಗಳಲ್ಲಿ ಪ್ರೊಜೆಸ್ಟೆರಾನ್ ಉತ್ಪತ್ತಿಯಾಗುವುದಿಲ್ಲ. ಆಗ ಗರ್ಭಕೋಶದ ಒಳಪದರ ಅಂಕೆಯಿಲ್ಲದೆ ದಪ್ಪವಾಗಿ, ಒಂದು ದಿನ ಕಟ್ಟೆಯೊಡೆದಂತೆ ಹೋಗುತ್ತದೆ. ನಲವತ್ತೈದು ದಾಟಿದವರ ವಿಪರೀತ ಮುಟ್ಟಿಗೆ ಬಹಳ ಸಲ ಇದೇ ಕಾರಣ.

ಮೈ ಕಾಯುವುದಕ್ಕೂ ಇಂಥದ್ದೇ ಒಂದು ವಿವರಣೆಯಿದೆ. ನಮ್ಮ ಮೆದುಳಿನ ಹೈಪೊಥಲಾಮಸ್ ಎಂಬ ಭಾಗ ದೇಹದ ಶಾಖವನ್ನು ಒಂದು ಮಿತಿಯೊಳಗೆ ಹಿಡಿದಿಡುತ್ತದೆ. ಈಸ್ಟ್ರೋಜೆನ್ ಕಡಿಮೆಯಾದಾಗ ಆ ಮಿತಿ ಕಿರಿದಾಗುತ್ತದೆ. ಮೈಯ ಶಾಖ ಕೂದಲೆಳೆಯಷ್ಟು ಏರಿದರೂ ಸಾಕು, ‘ಬೆಂಕಿ ಬಿತ್ತು’ ಎಂದು ಅದು ಗಂಟೆ ಬಾರಿಸುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕುತ್ತಿಗೆ ಕೆಂಪಾಗುತ್ತವೆ, ಬೆವರು ಸುರಿಯುತ್ತದೆ, ಎರಡು ಮೂರು ನಿಮಿಷದಲ್ಲಿ ಎಲ್ಲ ಇಳಿದು ಚಳಿ ಹತ್ತುತ್ತದೆ. ನನ್ನ ಶಾಖೆ ಹರಿಹರದಲ್ಲಿದ್ದಾಗ ಬೆಳಿಗ್ಗೆ ಒಂಬತ್ತರ ಬಸ್ಸಿಗೆ ಹೋಗುತ್ತಿದ್ದೆ. ದೊಡ್ಡಬಾತಿ ದಾಟುವುದರೊಳಗೆ ಒಮ್ಮೆ ಗಂಟೆ ಬಾರಿಸಿಯೇ ಬಾರಿಸುತ್ತಿತ್ತು. ಡಿಸೆಂಬರಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡವರ ನಡುವೆ ನಾನೊಬ್ಬಳು ಕಿಟಕಿ ತೆರೆದು ತಲೆ ಹೊರಗಿಟ್ಟು ಕೂರುವುದು. ಕಂಡಕ್ಟರ್ ಪಾಪ, ವಾಂತಿ ಬರುತ್ತದೇನೋ ಎಂದು ಪ್ಲಾಸ್ಟಿಕ್ ಕವರ್ ತಂದುಕೊಟ್ಟಿದ್ದ. ಖಾರ ಮತ್ತು ಬಿಸಿ ಚಹಾ ಇದನ್ನು ಕೆರಳಿಸುತ್ತವೆ, ಬಿಟ್ಟು ನೋಡಿ ಎಂದರು ಡಾಕ್ಟರು. ದಾವಣಗೆರೆಯಲ್ಲಿದ್ದುಕೊಂಡು ಮಂಡಕ್ಕಿ ಮೆಣಸಿನಕಾಯಿ ಬಿಡುವುದೂ ಒಂದೇ, ಊರು ಬಿಡುವುದೂ ಒಂದೇ.

ಇಷ್ಟಾದರೂ ನನ್ನದು ಮೆಟ್ಟಿಲಿಳಿದು ಬಂದ ಹಾದಿ. ಅದು ಹಾಗೇ ಉಳಿಯಿತಲ್ಲ, ಅದರ ಹಿಂದೆ ಒಬ್ಬಾಕೆ ಇದ್ದಾಳೆ. ಅವಳ ಕಥೆ ಹೇಳದೆ ನನ್ನದನ್ನು ಹೇಳಿದರೆ ಅರ್ಧವಾಗುತ್ತದೆ.

ಮೂರು ವರ್ಷದ ಹಿಂದೆ, ನನಗೆ ನಲವತ್ತೆಂಟು. ತಿಂಗಳಲ್ಲಿ ಹನ್ನೆರಡು ದಿನ ಹೋಗುತ್ತಿತ್ತು. ಕ್ಯಾಷ್ ಕೌಂಟರಿನ ಕುರ್ಚಿಯಿಂದ ಎದ್ದರೆ ಹಿಂದೆ ತಿರುಗಿ ನೋಡಿಕೊಳ್ಳುವುದೇ ಕೆಲಸ. ಹಿಮೋಗ್ಲೋಬಿನ್ ಎಂಟಕ್ಕಿಳಿದಿತ್ತು. ಮಹಡಿ ಹತ್ತಿದರೆ ಏದುಸಿರು. ನಮ್ಮ ಬಡಾವಣೆಯಲ್ಲಿ ಡಾಕ್ಟರುಗಳ ಬೋರ್ಡಿಗೆ ಕೊರತೆಯಿಲ್ಲ. ಅವರಲ್ಲೊಬ್ಬರ ಹತ್ತಿರ ಹೋದೆ. ಸ್ಕ್ಯಾನ್ ನೋಡಿದರು. ಸಣ್ಣ ಗಡ್ಡೆ ಒಂದಿದೆ, ಒಳಪದರ ದಪ್ಪ ಇದೆ ಅಂದರು. ನಂತರ ಕೇಳಿದ ಪ್ರಶ್ನೆ, ‘ಮಕ್ಕಳಾಗಿದಾವಲ್ಲ?’ ಎರಡು ಅಂದೆ. ‘ಮತ್ತೇನು, ತೆಗೆಸಿಬಿಡಿ. ಇನ್ನು ಅದರಿಂದ ಏನುಪಯೋಗ? ಇಟ್ಟುಕೊಂಡರೆ ಮುಂದೆ ಕ್ಯಾನ್ಸರ್ ತಾಪತ್ರಯ.’ ಐದು ನಿಮಿಷದ ಮಾತು. ಹಳೆಯ ಫ್ರಿಜ್ ಎಕ್ಸ್‌ಚೇಂಜಿಗೆ ಹಾಕಿದಷ್ಟು ಸಲೀಸು.

ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಇವರು ‘ಡಾಕ್ಟ್ರೇ ಹೇಳಿದ ಮೇಲೆ ನಾವೇನು ಹೇಳೋದು, ವಿಮೆನೂ ಐತಲ್ಲ’ ಅಂದರು. ಹರಿಹರದ ಅಕ್ಕನಿಗೆ ಎಂಟು ವರ್ಷದ ಹಿಂದೆ ತೆಗೆಸಿದ್ದಾರೆ. ಅವಳ ಗಡ್ಡೆ ಐದು ತಿಂಗಳ ಬಸುರಿನಷ್ಟು ಬೆಳೆದಿತ್ತು, ಮೂತ್ರಕೋಶವನ್ನು ಒತ್ತುತ್ತಿತ್ತು, ತೆಗೆಸಿದ್ದರಿಂದ ಬದುಕಿಕೊಂಡಳು. ಅಂಡಾಶಯಗಳನ್ನು ಉಳಿಸಿದ್ದರು. ಅವಳು ಹೇಳಿದ್ದು, ‘ನೋವು ಹದಿನೈದು ದಿನ, ಆಮೇಲೆ ಆರಾಮು. ಹ್ಞೂಂ ಅನ್ನು.’ ನಾನೂ ಹ್ಞೂಂ ಅನ್ನುವವಳೇ. ರಜೆ ಚೀಟಿ ಬರೆಯುವುದೊಂದು ಬಾಕಿ.

ನಮ್ಮ ಮನೆಗೆ ಪಾತ್ರೆ ಬಟ್ಟೆಗೆ ಬರುವಾಕೆ ಹರಪನಹಳ್ಳಿ ಕಡೆಯ ತಾಂಡಾದವಳು. ಆಕೆಗೆ ಆಗ ನಲವತ್ತು. ನಾನು ಆಸ್ಪತ್ರೆಗೆ ಸೇರಿದರೆ ಅಡುಗೆಗೂ ಬರುತ್ತೀಯಾ ಎಂದು ಕೇಳಿದೆ. ಯಾಕೆ ಏನು ಎಂದು ಕೇಳಿ ತಿಳಿದುಕೊಂಡವಳು ಸೋಪು ಹಚ್ಚಿದ ಪಾತ್ರೆಯನ್ನು ಹಾಗೇ ಕೆಳಗಿಟ್ಟಳು. ‘ತೆಗಸಬ್ಯಾಡ್ರಿ ಅಕ್ಕಾ. ನಂದು ಮೂವತ್ತೊಂದಕ್ಕೆ ತೆಗದ್ರು. ಅವತ್ತು ಹತ್ತಿದ ಬೆಂಕಿ ಇನ್ನಾ ಆರಿಲ್ಲ.’

ಆ ಕಡೆಯ ತಾಂಡಾಗಳಿಂದ ಜನ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುವುದು ವರ್ಷ ವರ್ಷದ ಮಾತು. ಆಕೆಯೂ ಕಬ್ಬಿಗೆ ಹೋಗುತ್ತಿದ್ದಳು. ಬಿಳಿ ಹೋಗುತ್ತದೆ, ಸೊಂಟ ನೋಯುತ್ತದೆ ಎಂದು ದಾರಿಯಲ್ಲಿನ ಒಂದು ಊರಿನ ಖಾಸಗಿ ಆಸ್ಪತ್ರೆಗೆ ತೋರಿಸಿದ್ದಾರೆ. ಬಿಳಿ ಹೋಗುವುದು ಬಹಳ ಸಲ ಸೋಂಕು, ಒಂದು ವಾರದ ಮಾತ್ರೆಗೆ ಹೋಗುವಂಥದ್ದು. ಅಲ್ಲಿ ‘ಚೀಲ ಕೊಳೆತೈತಿ, ಬಿಟ್ಟರೆ ಕ್ಯಾನ್ಸರ್ ಆಗ್ತೈತಿ’ ಅಂದರಂತೆ. ಮೇಸ್ತ್ರಿಯ ಹತ್ತಿರ ಮುಂಗಡ ಎತ್ತಿ ದುಡ್ಡು ಕಟ್ಟಿದರು. ಆ ಮುಂಗಡ ತೀರಿಸಲು ಹೊಲಿಗೆ ಒಣಗುವ ಮೊದಲೇ ಗಂಡನ ಜೊತೆ ಮತ್ತೆ ಕಬ್ಬಿಗೆ ಹೋದಳು. ಹೊರೆ ಎತ್ತಲಾಗಲಿಲ್ಲ. ದಾವಣಗೆರೆಗೆ ಬಂದು ಮಂಡಕ್ಕಿ ಭಟ್ಟಿ ಸೇರಿದಳು. ಕಾದ ಉಸುಕಿನಲ್ಲಿ ಅಕ್ಕಿ ಅರಳುವ ಆ ಒಲೆಗಳ ಮುಂದೆ ಬೆಳಗಿನ ಜಾವದಿಂದ ನಿಲ್ಲುವ ಕೆಲಸ. ಮೈಯೆಲ್ಲ ಉರಿ ಎದ್ದು ಬೆವರು ಹರಿದರೆ ಭಟ್ಟಿಯ ಕಾವು ಅಂದುಕೊಂಡಳು. ರಾತ್ರಿ ಮಲಗಿದಾಗಲೂ ಉರಿ. ಹಗಲಿನ ಕಾವು ಮೈಯಲ್ಲಿ ಕೂತಿದೆ ಅಂದುಕೊಂಡಳು. ‘ಆಮ್ಯಾಲೆ ಭಟ್ಟಿ ಬಿಟ್ಟು ಮನೆಗೆಲಸಕ್ಕೆ ಬಂದೆ ನೋಡ್ರಿ. ಭಟ್ಟಿ ಬಿಟ್ರೂ ಕಾವು ನನ್ನ ಬಿಡಲಿಲ್ಲ.’

ಮರುದಿನ ಒಂದು ಪ್ಲಾಸ್ಟಿಕ್ ಕವರ್ ತಂದಳು. ರೇಷನ್ ಕಾರ್ಡು, ಆಧಾರ್, ಮಗನ ಮಾರ್ಕ್ಸ್‌ಕಾರ್ಡಿನ ನಡುವೆ ಮಡಿಕೆ ಹರಿದ ಡಿಸ್ಚಾರ್ಜ್ ಕಾರ್ಡು. ಅದರಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ‘ಟಿಎಎಚ್ ವಿತ್ ಬಿಎಸ್‌ಒ’ ಎಂದಿತ್ತು. ನಾನು ಫೋನಿನಲ್ಲಿ ಹುಡುಕಿ ನೋಡಿದೆ. ಮೊದಲ ಮೂರಕ್ಷರ ಹೊಟ್ಟೆ ಕೊಯ್ದು ಗರ್ಭಕೋಶ ತೆಗೆದಿದ್ದು. ಆಮೇಲಿನ ಮೂರಕ್ಷರ ಎರಡೂ ಕಡೆಯ ಅಂಡನಾಳ, ಅಂಡಾಶಯಗಳನ್ನು ತೆಗೆದಿದ್ದು. ‘ಚೀಲ ಒಂದೇ ಅಲ್ಲ, ಮೊಟ್ಟೆ ಇರೋ ಎರಡು ಗಡ್ಡೆನೂ ತೆಗೆದಿದ್ದಾರೆ’ ಅಂದೆ. ಒಂಬತ್ತು ವರ್ಷದಿಂದ ಆಕೆಯ ಕವರಿನಲ್ಲಿದ್ದ ಸುದ್ದಿ, ಆಕೆಗೆ ಗೊತ್ತಾಗಿದ್ದು ಅವತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅದೂ ಕೊಳೆತಿತ್ತೇನ್ರಿ?’ ಎಂದು ಕೇಳಿದಳು.

ವ್ಯತ್ಯಾಸ ಆ ಮೂರಕ್ಷರದಲ್ಲಿದೆ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಹಾರ್ಮೋನು ಸಾಮಾನ್ಯವಾಗಿ ನಡೆದೇ ಇರುತ್ತದೆ, ಕೆಲವರಿಗೆ ಅದೂ ಒಂದೆರಡು ವರ್ಷ ಬೇಗ ನಿಲ್ಲಬಹುದು. ನನ್ನ ಅಕ್ಕನದ್ದು ಹಾಗೆ. ಎರಡೂ ಅಂಡಾಶಯ ತೆಗೆದರೆ ಹಾರ್ಮೋನು ಒಂದೆರಡು ದಿನದಲ್ಲಿ ಪಾತಾಳಕ್ಕಿಳಿಯುತ್ತದೆ. ನಾನು ಐದು ವರ್ಷದಲ್ಲಿ ಇಳಿದ ಮೆಟ್ಟಿಲನ್ನು ಆಕೆ ಮೂವತ್ತೊಂದಕ್ಕೆ ಒಂದೇ ಸಲ ಮೇಲಿಂದ ಬಿದ್ದಳು. ಉರಿ, ನಿದ್ದೆಗೇಡು ಅದರಲ್ಲಿ ಕಣ್ಣಿಗೆ ಕಾಣುವ ಪಾಲು. ಈಸ್ಟ್ರೋಜೆನ್ ಮೂಳೆಯನ್ನು ಸವೆಯದಂತೆ ಹಿಡಿದಿಡುತ್ತದೆ, ರಕ್ತನಾಳವನ್ನು ಕಾಯುತ್ತದೆ. ಅದು ಇಪ್ಪತ್ತು ವರ್ಷ ಮೊದಲೇ ಹೋದರೆ ಮೂಳೆಗೂ ಹೃದಯಕ್ಕೂ ಇಪ್ಪತ್ತು ವರ್ಷ ಮೊದಲೇ ವಯಸ್ಸಾಗತೊಡಗುತ್ತದೆ. ಹಾಗಾಗಿ ನಲವತ್ತೈದರೊಳಗೆ ಅಂಡಾಶಯ ತೆಗೆದವರಿಗೆ ಬೇರೆ ತೊಂದರೆ ಇಲ್ಲದಿದ್ದರೆ, ಸಹಜವಾಗಿ ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನನ್ನು ಔಷಧಿಯಾಗಿ ಕೊಡಬೇಕು ಎನ್ನುತ್ತವೆ ವೈದ್ಯರ ಮಾರ್ಗಸೂಚಿಗಳು. ಆಕೆಯ ಕಾರ್ಡಿನಲ್ಲಿ ಬರೆದಿದ್ದು ಐದು ದಿನದ ಆಂಟಿಬಯೋಟಿಕ್ಕು, ಹದಿನೈದು ದಿನದ ಬಿ ಕಾಂಪ್ಲೆಕ್ಸು.

ಇದು ಒಬ್ಬಾಕೆಯ ದುರದೃಷ್ಟವಾಗಿದ್ದರೆ ನಾನು ಬರೆಯುತ್ತಿರಲಿಲ್ಲ. 2015ರಲ್ಲಿ ಕಲಬುರಗಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಂಗಸರಿಗೆ, ಅದರಲ್ಲೂ ಲಂಬಾಣಿ ಮತ್ತು ದಲಿತ ಹೆಂಗಸರಿಗೆ, ಎರಡು ಮೂರು ವರ್ಷದೊಳಗೆ ಬೇಕಿಲ್ಲದೆಯೂ ಗರ್ಭಕೋಶ ತೆಗೆದ ಸಂಗತಿ ಬಯಲಾಗಿ ಖಾಸಗಿ ಆಸ್ಪತ್ರೆಗಳ ಪರವಾನಗಿ ರದ್ದಾಗಿತ್ತು. ಹರಿಹರದಿಂದ ತುಂಗಭದ್ರೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು ಶುರು. 2010ರಿಂದೀಚೆಗಿನ ಏಳೆಂಟು ವರ್ಷದಲ್ಲಿ ಅಲ್ಲಿ ಸಾವಿರದ ಐನೂರು ಹೆಂಗಸರಿಗೆ, ಅದೂ ಸರ್ಕಾರಿ ಆಸ್ಪತ್ರೆಯಲ್ಲಿ, ಇದೇ ಶಸ್ತ್ರಚಿಕಿತ್ಸೆಯಾಯಿತೆಂಬ ಆರೋಪ ತನಿಖೆಗೆ ಹೋಯಿತು. ತಾಂಡಾದ ಹೆಂಗಸರು ಪರಿಹಾರ ಕೇಳಿ ರಸ್ತೆಗಿಳಿದರು. ಪತ್ರಿಕೆಯ ಜಿಲ್ಲಾ ಪುಟದಲ್ಲಿ ಅವರ ಫೋಟೊ ನೋಡಿದ ನೆನಪಿದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವವರದ್ದೂ ಇದೇ ಕಥೆ, ಅದು 2019ರಲ್ಲಿ ದೇಶದ ತುಂಬ ಸುದ್ದಿಯಾಯಿತು. ಅಲ್ಲಿ ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗಿ ದಂಡವೂ ಬೀಳುವ ಭಯ, ಅದರ ಮೇಲೆ ಕ್ಯಾನ್ಸರಿನ ಭಯ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಈ ಪ್ರಶ್ನೆ ಕೇಳಿದಾಗ, ದೇಶದಲ್ಲಿ 15ರಿಂದ 49 ವರ್ಷದ ನೂರು ಹೆಂಗಸರಲ್ಲಿ ಮೂವರಿಗೆ ಗರ್ಭಕೋಶ ತೆಗೆದಾಗಿತ್ತು. ನಮ್ಮ ನೆರೆಯ ಆಂಧ್ರದಲ್ಲಿ ನೂರಕ್ಕೆ ಒಂಬತ್ತರ ಹತ್ತಿರ. 2023ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಬೇಡದ ಗರ್ಭಕೋಶ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ಮೂರು ತಿಂಗಳಲ್ಲಿ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಿತು. ಜಿಲ್ಲೆಗಳಲ್ಲಿ ನಿಗಾ ಸಮಿತಿ ಇರಬೇಕು ಎನ್ನುತ್ತದೆ ಆ ಮಾರ್ಗಸೂಚಿ.

ನನಗೆ ಬೇಸರ ತರಿಸುವುದು ತಾಂಡಾದಲ್ಲೂ ಪಿ.ಜೆ. ಬಡಾವಣೆಯಲ್ಲೂ ಕೇಳಿದ ಪ್ರಶ್ನೆ ಒಂದೇ ಆಗಿದ್ದದ್ದು. ಮಕ್ಕಳಾಗಿದಾವಲ್ಲ? ಆಕೆಯ ಬೆನ್ನಿಗೆ ಮೇಸ್ತ್ರಿಯ ಸಾಲ, ನನ್ನ ಬೆನ್ನಿಗೆ ವಿಮೆ ಎಂಬುದಷ್ಟೇ ಬೇರೆ.

ಆ ವಾರ ಆಕೆಯನ್ನೂ ಕರೆದುಕೊಂಡು ಇನ್ನೊಬ್ಬ ಡಾಕ್ಟರ ಹತ್ತಿರ ಹೋದೆ. ವಯಸ್ಸಾದ ಹೆಣ್ಣುಮಗಳು, ಮಾತು ಕಡಿಮೆ. ನನಗೆ ಥೈರಾಯ್ಡ್ ಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಕೆಟ್ಟರೂ ಮುಟ್ಟು ಏರುಪೇರಾಗುತ್ತದೆ, ಸುಸ್ತಾಗುತ್ತದೆ, ಎದೆ ಹೊಡೆದುಕೊಳ್ಳುತ್ತದೆ, ಎರಡನ್ನೂ ಒಂದಕ್ಕೊಂದು ತಪ್ಪು ತಿಳಿಯುವುದು ಸುಲಭ. ಗರ್ಭಕೋಶದ ಒಳಪದರದ ಚೂರು ತೆಗೆದು ಬಯಾಪ್ಸಿಗೆ ಕಳಿಸಿದರು. ಹತ್ತು ನಿಮಿಷದ ಕೆಲಸ, ಹಲ್ಲು ಕಚ್ಚಿಕೊಳ್ಳುವಷ್ಟು ನೋವು. ವಾರದ ನಂತರ ವರದಿ ಬಂತು, ಕ್ಯಾನ್ಸರ್ ಇಲ್ಲ. ‘ನಿಮ್ಮ ಗಡ್ಡೆ ನಿಂಬೆಹಣ್ಣಿನಷ್ಟೂ ಇಲ್ಲ. ಮುಟ್ಟು ನಿಂತ ಮೇಲೆ ಅದೇ ಕುಗ್ಗುತ್ತದೆ. ನಿಮಗೆ ಬೇಕಾಗಿರುವುದು ಅಲ್ಲಿಯವರೆಗೆ ದಾಟಿಸುವುದು’ ಅಂದರು. ಹೆಚ್ಚು ಹೋಗುವ ದಿನಗಳಿಗೆ ರಕ್ತಸ್ರಾವ ತಗ್ಗಿಸುವ ಮಾತ್ರೆ, ತಿಂಗಳಲ್ಲಿ ಇಷ್ಟು ದಿನ ಅಂತ ಪ್ರೊಜೆಸ್ಟೆರಾನ್, ಕಬ್ಬಿಣಾಂಶದ ಮಾತ್ರೆ. ಇದಕ್ಕೆ ಬಗ್ಗದಿದ್ದರೆ ಹಾರ್ಮೋನು ಇರುವ ವಂಕಿ ಹಾಕೋಣ, ಅದಕ್ಕೂ ಬಗ್ಗದಿದ್ದರೆ ತೆಗೆಸುವ ಮಾತು ಆಮೇಲೆ. ಮಾತ್ರೆಗೇ ಬಗ್ಗಿತು. ಆರು ತಿಂಗಳಲ್ಲಿ ಹಿಮೋಗ್ಲೋಬಿನ್ ಹನ್ನೊಂದೂವರೆ.

ಆಕೆಯದ್ದು ಇಷ್ಟು ಸಲೀಸಾಗಲಿಲ್ಲ. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿದರು. ಬೆನ್ನುಮೂಳೆಯ ಅಂಕ ಮೈನಸ್ 2.6. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಅಸ್ಥಿರಂಧ್ರತೆ, ಅಂದರೆ ಟೊಳ್ಳುಮೂಳೆ. ಹಿಂದಿನ ವರ್ಷ ಬಚ್ಚಲಲ್ಲಿ ಕೈಯೂರಿದ್ದಕ್ಕೇ ಮಣಿಕಟ್ಟು ಮುರಿದಿದ್ದು ಯಾಕೆಂದು ಈಗ ಗೊತ್ತಾಯಿತು. ‘ವಯಸ್ಸು ನಲವತ್ತು, ಮೂಳೆ ಅರವತ್ತೈದು’ ಅಂದರು ಡಾಕ್ಟರು, ನನಗೆ ಕೇಳುವಷ್ಟು ಮೆಲ್ಲಗೆ. ಈಸ್ಟ್ರೋಜೆನ್ ಶುರು ಮಾಡೋಣ ಅಂದಾಗ ಗಾಬರಿಯಾಗಿದ್ದು ನಾನು. ಹಾರ್ಮೋನು ಅಂದರೆ ಸ್ತನದ ಕ್ಯಾನ್ಸರ್ ಎಂದು ಕೇಳಿಕೊಂಡೇ ಬಂದಿದ್ದೇವಲ್ಲ.

ಆ ಭಯದ ಮೂಲ ಅಮೆರಿಕದ ಒಂದು ದೊಡ್ಡ ಅಧ್ಯಯನ. ಅದಕ್ಕೂ ಹಿಂದೆ ಅಲ್ಲಿ ಇದರ ಉಲ್ಟಾ ಹುಚ್ಚು ಇತ್ತು. 1966ರಲ್ಲಿ ಒಬ್ಬ ಡಾಕ್ಟರು ಮುಟ್ಟು ನಿಂತವರನ್ನು ಹಾರ್ಮೋನು ಕೊಟ್ಟು ಸದಾ ಹೆಣ್ಣಾಗಿಯೇ ಇಡಬಹುದು ಎಂದು ಪುಸ್ತಕ ಬರೆದು, ಅದು ಮನೆಮನೆಗೆ ಹೋಗಿತ್ತು. ನಿಂತ ಮೇಲೆ ಹೆಣ್ಣಲ್ಲವೆಂದು ಆ ಮಹಾರಾಯನಿಗೆ ಹೇಳಿದವರು ಯಾರೋ. 2002ರ ಜುಲೈನಲ್ಲಿ ಮೊದಲು ಹೇಳಿದ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎರಡನ್ನೂ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಿತ್ತು, ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಮೂವತ್ತರ ಬದಲು ಮೂವತ್ತೆಂಟು. ಜಗತ್ತೆಲ್ಲ ಮಾತ್ರೆ ಎಸೆದರು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು ಅರವತ್ತಮೂರು ಎಂಬುದು ಸುದ್ದಿಯಾಗಲಿಲ್ಲ. ಗರ್ಭಕೋಶ ಇಲ್ಲದವರಿಗೆ ಬರೀ ಈಸ್ಟ್ರೋಜೆನ್ ಕೊಟ್ಟ ಇನ್ನೊಂದು ಗುಂಪಿನಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಲಿಲ್ಲ ಎಂಬುದೂ ಸುದ್ದಿಯಾಗಲಿಲ್ಲ. ಅರವತ್ತರೊಳಗೆ, ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರು ಮಾಡಿದರೆ ಬಹಳಷ್ಟು ಆರೋಗ್ಯವಂತರಿಗೆ ಲಾಭವೇ ಹೆಚ್ಚು ಎನ್ನುವುದು ಈಗಿನ ಒಪ್ಪಿತ ಮಾತು. ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ, ಪಾರ್ಶ್ವವಾಯು, ಲಿವರ್ ಕಾಯಿಲೆ ಇದ್ದವರಿಗೆ ಕೊಡುವಂತಿಲ್ಲ. ಗರ್ಭಕೋಶ ಇದ್ದವರಿಗೆ ಬರೀ ಈಸ್ಟ್ರೋಜೆನ್ ಕೊಡುವಂತಿಲ್ಲ, ಒಳಪದರದ ಕ್ಯಾನ್ಸರ್ ಆದೀತು, ಪ್ರೊಜೆಸ್ಟೆರಾನ್ ಜೊತೆಗಿರಬೇಕು. ಆಕೆಗೆ ಗರ್ಭಕೋಶ ಇಲ್ಲ. ಆಕೆಗಾದ ಅನ್ಯಾಯದಿಂದ ಔಷಧಿಯ ಲೆಕ್ಕ ಒಂದು ಸುಲಭವಾಯಿತು ಅನ್ನಬೇಕು.

ಬಿಪಿ, ಸ್ತನ ಎಲ್ಲ ನೋಡಿ ಮಾತ್ರೆ ಬರೆದರು. ‘ಮತ್ತೆ ಮುಟ್ಟು ಶುರುವಾಗ್ತೈತೇನ್ರಿ?’ ಎಂದು ಆಕೆ ಕೇಳಿದಳು. ಆಗಲಿಕ್ಕಿಲ್ಲ, ಚೀಲ ಇಲ್ಲವಲ್ಲ ಎಂದು ಡಾಕ್ಟರು ಹೇಳಿದರು. ಆರನೇ ವಾರ ಬೆಳಿಗ್ಗೆ ತಡವಾಗಿ ಬಂದು ‘ಬೈಬ್ಯಾಡ್ರಿ ಅಕ್ಕಾ, ನಿದ್ದಿ ಹತ್ತಿಬಿಟ್ಟಿತ್ತು’ ಅಂದಳು. ಒಂಬತ್ತು ವರ್ಷದಲ್ಲಿ ಮೊದಲ ಸಲ. ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ರಾಗಿಯಲ್ಲಿ ನೂರು ಗ್ರಾಮಿಗೆ ಮುನ್ನೂರೈವತ್ತು ಮಿಲಿಗ್ರಾಮಿನಷ್ಟು ಕ್ಯಾಲ್ಸಿಯಂ ಇದೆ, ಆಕೆ ಮುದ್ದೆ ಉಣ್ಣುವವಳು, ಅದೊಂದು ಅನುಕೂಲ. ನಾವು ರೊಟ್ಟಿಯವರು, ನಾನೀಗ ಸಂಜೆಗೆ ರಾಗಿ ಅಂಬಲಿ ಕಲಿತಿದ್ದೇನೆ. ಮೂಳೆಗೆ ಭಾರ ಎತ್ತಿ ನಡೆಯಬೇಕು ಎಂದು ಡಾಕ್ಟರು ಹೇಳಿದಾಗ ಆಕೆ ನಕ್ಕುಬಿಟ್ಟಳು. ಆ ಮಾತು ನನಗೆ ಅನ್ವಯಿಸುವಂಥದ್ದು. ಕುಂದುವಾಡ ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆಯುವ ನಮ್ಮಂಥ ಹೆಂಗಸರ ಗುಂಪು ಈಗ ದೊಡ್ಡದಿದೆ.

ನನ್ನದು ಈ ಜುಲೈಗೆ ಹನ್ನೆರಡು ತಿಂಗಳು ತುಂಬಿತು. ಐವತ್ತೊಂದು. ಬಸ್ಸಿನ ಉರಿ ತಡೆಯುವಷ್ಟಿದೆ, ಅದಕ್ಕೆ ಹಾರ್ಮೋನು ತೆಗೆದುಕೊಂಡಿಲ್ಲ. ಯಾರೂ ಬರೆಯದ ಇನ್ನೊಂದನ್ನು ಇಲ್ಲಿ ಬರೆದುಬಿಡುತ್ತೇನೆ. ನಿಂತ ಮೇಲೆ ಮೂರು ತಿಂಗಳಲ್ಲಿ ಮೂರು ಸಲ ಉರಿಮೂತ್ರವಾಯಿತು. ಎಳನೀರು, ಬಾರ್ಲಿ ನೀರು, ಆಂಟಿಬಯೋಟಿಕ್ಕು ಎಲ್ಲ ಮುಗಿಯಿತು. ಈಸ್ಟ್ರೋಜೆನ್ ಇಲ್ಲದೆ ಯೋನಿಯ ಮತ್ತು ಮೂತ್ರದ್ವಾರದ ಒಳಚರ್ಮ ತೆಳುವಾಗಿ ಒಣಗುವುದರಿಂದ ಹೀಗಾಗುತ್ತದೆ. ಗಂಡ ಹೆಂಡಿರ ನಡುವೆ ನೋವಿಗೂ ಜಗಳಕ್ಕೂ ಅದೇ ಕಾರಣವಾಗುತ್ತದೆ. ಉರಿ ಬೆವರು ವರ್ಷಗಳು ಕಳೆದಂತೆ ಇಳಿಯುತ್ತದೆ, ಇದು ತಾನಾಗಿ ಇಳಿಯುವುದಿಲ್ಲ. ವಾರಕ್ಕೆರಡು ಸಲ ಒಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜೆನ್ ಮುಲಾಮು ಸಾಕಾಯಿತು. ಮೆಡಿಕಲ್ ಶಾಪಿನ ಹುಡುಗ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ, ಕಪ್ಪು ಕವರಿನಲ್ಲಿ ಹಾಕಿ, ಕಣ್ಣೆತ್ತದೆ ಕೊಟ್ಟ. ಮತ್ತೊಂದು ಮಾತು, ಹನ್ನೆರಡು ತಿಂಗಳು ನಿಂತ ಮೇಲೆ ಒಂದು ಹನಿ ಕಂಡರೂ ‘ಮತ್ತೆ ಶುರುವಾಯ್ತು’ ಎಂದು ಸುಮ್ಮನಿರುವಂತಿಲ್ಲ, ತೋರಿಸಲೇಬೇಕು. ಕ್ಯಾನ್ಸರಿನ ಹೆಸರಿನಲ್ಲಿ ಹೆದರಿಸುವ ಜಾಗ ನಿಜವಾಗಿ ಇರುವುದು ಅಲ್ಲಿ.

ಮೊನ್ನೆ ಆಕೆ ಪಾತ್ರೆ ತೊಳೆಯುತ್ತಾ ಕೇಳಿದಳು, ‘ನಿಮ್ಮ ಚೂರು ತಗದು ಪರೀಕ್ಷೆಗೆ ಕಳಿಸಿದ್ರಲ್ಲ ಅಕ್ಕಾ, ನಂದು ಇಡೀದೇ ತಗದ್ರಲ್ಲ, ಅದನ್ನ ಎಲ್ಲಿಗೆ ಕಳಿಸಿದ್ರು?’ ತೆಗೆದ ಗರ್ಭಕೋಶವನ್ನು ಪರೀಕ್ಷೆಗೆ ಕಳಿಸಿ ರೋಗ ಏನಿತ್ತೆಂದು ವರದಿ ತರಿಸಬೇಕು. ಕವರನ್ನು ಇನ್ನೊಮ್ಮೆ ತರಿಸಿ ಪೂರ್ತಿ ಹುಡುಕಿದೆ. ಬಿಲ್ಲು ಇತ್ತು, ಮುಂಗಡದ ಚೀಟಿ ಇತ್ತು, ಆ ವರದಿ ಇರಲಿಲ್ಲ.

ಆಕೆ ಕೇಳಿದ್ದು ತನಗಾಗಿ ಮಾತ್ರ ಅಲ್ಲವಂತೆ. ತಾಂಡಾದಲ್ಲಿ ತಮ್ಮನ ಹೆಂಡತಿಗೆ ಇಪ್ಪತ್ತೊಂಬತ್ತು, ಎರಡು ಮಕ್ಕಳು, ಬಿಳಿ ಹೋಗುತ್ತಿದೆ, ತೆಗೆಸಬೇಕು ಅಂದಿದ್ದಾರೆ. ‘ನಾ ಹೇಳೀನಿ, ಹಬ್ಬ ಮುಗಿಸ್ಕಂಡು ಇಲ್ಲಿಗೆ ಬಾ, ಮೊದಲು ಚೂರು ತಗಸಿ ನೋಡೋಣು ಅಂತ.’ ಚೂರು ತೆಗೆಸುವುದು ಬೇಕಾಗಲಿಕ್ಕಿಲ್ಲ ಕಣೇ, ಅವಳ ವಯಸ್ಸಿಗೆ ಮಾತ್ರೆಗೇ ಹೋದೀತು ಅಂದೆ. ಸೋಮವಾರ ಹತ್ತೂವರೆಗೆ ಡಾಕ್ಟರ ಹತ್ತಿರ ಹೆಸರು ಬರೆಸಿದ್ದೇವೆ. ಹರಪನಹಳ್ಳಿಯಿಂದ ಮೊದಲ ಬಸ್ಸು ಹಿಡಿಯಬೇಕು ಎಂದು ಆಕೆ ಎರಡು ಸಲ ಫೋನು ಮಾಡಿ ಹೇಳಿದ್ದಾಳೆ.